ಹೆಸರಿದ್ದವರ ಕಾಲುವೆ

ಪನಾಮಾ ಕಾಲುವೆ ಬಗ್ಗೆ ಒಂದೇ ಪುಸ್ತಕ ಹೇಳಿ ಅಂದ್ರೆ ಬಹಳ ಜನ ಹೇಳೋದು ಡೇವಿಡ್ ಮೆಕಲಾ ಅವರ ‘ದ ಪಾತ್ ಬಿಟ್ವೀನ್ ದ ಸೀಸ್’. 1977ರಲ್ಲಿ ಬಂದದ್ದು. ಆರುನೂರು ಪುಟ ದಾಟಿದ್ರೂ ಕಾದಂಬರಿ ಥರ ಓದಿಸಿಕೊಳ್ಳುತ್ತೆ.

ಸೋಲನ್ನು ಹೇಳೋದರಲ್ಲಿ ಮೆಕಲಾ ನಿಸ್ಸೀಮರು. ಸೂಯೆಜ್ ಕಟ್ಟಿಸಿ ಗೆದ್ದಿದ್ದ ಲೆಸೆಪ್ಸ್, ಪನಾಮಾದಲ್ಲೂ ಲಾಕ್‌ಗಳಿಲ್ಲದೆ ಸಮುದ್ರಮಟ್ಟದಲ್ಲೇ ಕಾಲುವೆ ತೋಡ್ತೀನಿ ಅಂತ ಹಟ ಹಿಡಿದ. ಅಲ್ಲಿದ್ದದ್ದು ಮರಳುಗಾಡು, ಇಲ್ಲಿದ್ದದ್ದು ಮಳೆಕಾಡು. ಅಗೆದಷ್ಟೂ ಗುಡ್ಡ ಕುಸೀತು, ಚಾಗ್ರೆಸ್ ನದಿ ಉಕ್ಕಿತು, ಹಳದಿ ಜ್ವರ ಹಬ್ಬಿತು. 1889ರಲ್ಲಿ ಕಂಪನಿ ಮುಳುಗೋ ಹೊತ್ತಿಗೆ ಸುಮಾರು 20,000 ಜನ ಸತ್ತಿದ್ರು. 1904ರಲ್ಲಿ ಅಮೆರಿಕ ಕೈಹಾಕಿದ ಮೇಲೆ ಡಾಕ್ಟರ್ ಗೋರ್ಗಾಸ್ ಸೊಳ್ಳೆಗಳ ಬೆನ್ನು ಹತ್ತಿದ್ದು, ಎಂಜಿನಿಯರ್ ಸ್ಟೀವನ್ಸ್ ಅಗೆತ ನಿಲ್ಲಿಸಿ ಮೊದಲು ಮನೆ, ಚರಂಡಿ, ರೈಲು ಸರಿಮಾಡಿದ್ದು, ಇವನ್ನೆಲ್ಲ ನಮ್ಮ ಪ್ರಾಜೆಕ್ಟ್ ಮ್ಯಾನೇಜರುಗಳಿಗೆ ಕಡ್ಡಾಯವಾಗಿ ಓದಿಸಬೇಕು.

ನನ್ನ ತಕರಾರೂ ಅಲ್ಲೇ ಇದೆ. ಇದು ಮ್ಯಾನೇಜರುಗಳ ಕಣ್ಣಲ್ಲಿ ಕಂಡ ಕಾಲುವೆ. ಅಲ್ಲಿ ಸಂಬಳಕ್ಕೆ ಎರಡು ಪಟ್ಟಿ ಇದ್ದವು: ಚಿನ್ನದ್ದು, ಬೆಳ್ಳಿಯದು. ಬಿಳಿಯ ಅಮೆರಿಕನ್ನರೆಲ್ಲ ಹೆಚ್ಚುಕಮ್ಮಿ ಚಿನ್ನದಲ್ಲಿ. ಬಾರ್ಬಡೋಸ್, ಜಮೈಕಾದಿಂದ ಬಂದ ಕರಿಯ ಕೂಲಿಗಳು ಬೆಳ್ಳಿಯಲ್ಲಿ. ಊಟ, ವಸತಿ, ಆಸ್ಪತ್ರೆ ವಾರ್ಡು, ಅಂಚೆ ಕಚೇರಿ ಕಿಟಕಿ ಎಲ್ಲ ಬೇರೆಬೇರೆ. ಮೆಕಲಾ ಇದನ್ನು ಮುಚ್ಚಿಟ್ಟಿಲ್ಲ, ಖಾರವಾಗೇ ಬರೆದಿದ್ದಾರೆ. ಆದರೆ ಸ್ಟೀವನ್ಸ್‌ಗೆ ಸಿಗಾರ್ ಸಮೇತ ಮುಖ ಸಿಗುತ್ತೆ, ಬೆಳ್ಳಿಯವರಿಗೆ ಸಿಗೋದು ಅಂಕಿ. ಅಮೆರಿಕದ ಕಾಲದಲ್ಲಿ ದಾಖಲೆ ಪ್ರಕಾರ ಸತ್ತವರು 5,609. ಅದರಲ್ಲಿ ಸುಮಾರು 4,500 ಮಂದಿ ಕರಿಯರು.

ಅವರ ಮಾತು ಕೇಳಬೇಕಾದ್ರೆ ಜೂಲಿ ಗ್ರೀನ್ 2009ರಲ್ಲಿ ಬರೆದ ‘ದ ಕೆನಾಲ್ ಬಿಲ್ಡರ್ಸ್’ಗೆ ಬರಬೇಕು. 1963ರಲ್ಲಿ ಪನಾಮಾದ ಇತಿಹಾಸ ಸಂಘವೊಂದು ಸ್ಪರ್ಧೆ ಇಟ್ಟು ಹಳೇ ಕೆಲಸಗಾರರಿಂದ ನೆನಪು ಬರೆಸಿತ್ತು. ಡೈನಮೈಟು, ಮಲೇರಿಯಾ, ಒಣಗದ ಬಟ್ಟೆಯನ್ನೇ ಮತ್ತೆ ಹಾಕ್ಕೊಂಡು ಮಳೆಗೆ ಹೋಗೋದು, ಎಲ್ಲ ಅದರಲ್ಲಿದೆ. ಗ್ರೀನ್ ಆ ಥರದ ದನಿಗಳನ್ನು ಪುಸ್ತಕದ ನಡುವಿಗೆ ತರ್ತಾರೆ. ಭಾಷೆ ಮೆಕಲಾ ಅವರಷ್ಟು ಸಲೀಸಲ್ಲ, ಪ್ರೊಫೆಸರ್ ವಾಸನೆ ಇದೆ. ಆದ್ರೂ ಇವರನ್ನು ಓದಿದ ಮೇಲೆ ಕುಲೆಬ್ರಾ ಗುಡ್ಡ ಸೀಳಿದ್ದು ಬರೀ ಎಂಜಿನಿಯರಿಂಗ್ ಪವಾಡ ಅನಿಸೋದಿಲ್ಲ.

ಕಾಲುವೆ ಬೇಗ ಮುಗೀತು, 1907ರ ಅಂದಾಜಿಗಿಂತ 2.3 ಕೋಟಿ ಡಾಲರ್ ಕಡಿಮೆ ಖರ್ಚಾಯ್ತು ಅಂತ ಮೆಕಲಾ ಮೆಚ್ಚಿ ಬರೀತಾರೆ. ನಿಜವೇ. ಆದರೆ ಆ ಉಳಿತಾಯದಲ್ಲಿ ಗಂಟೆಗೆ 10 ಸೆಂಟ್ ಕೂಲಿಯ ಪಾಲೆಷ್ಟು ಅಂತ ಕೇಳೋ ಪುಸ್ತಕವೂ ಬೇಕು. ಮೊದಲು ಮೆಕಲಾ ಓದಿ, ಅಲ್ಲಿಗೇ ನಿಲ್ಲಿಸಬೇಡಿ.