ಒಂದು ಗುಟುಕಿಗೆ ಎಷ್ಟು ಅಂಕ?

ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಕೂತವರು ಸಾಮಾನ್ಯವಾಗಿ ಮೊದಲು ತರಿಸುವುದು ಸ್ಯಾಂಪ್ಲರ್. ಮರದ ಹಲಗೆಯ ಮೇಲೆ ಐದಾರು ಪುಟ್ಟ ಗ್ಲಾಸುಗಳು, ಒಂದೊಂದರಲ್ಲಿ ನಾಲ್ಕೈದು ಗುಟುಕು. ಒಂದು ತುದಿಗೆ ತೆಳು ಹಳದಿ ಲಾಗರ್, ಇನ್ನೊಂದು ತುದಿಗೆ ಕಪ್ಪನೆಯ ಸ್ಟೌಟ್. ಹಲಗೆ ಮೇಜಿನ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ತೀರ್ಪು ಹೊರಬಿದ್ದಿರುತ್ತದೆ. ಗೆಲ್ಲುವುದು ಹೆಚ್ಚುಕಡಿಮೆ ಯಾವಾಗಲೂ ಮಾವಿನಹಣ್ಣೋ ಇನ್ನೇನೋ ಹಾಕಿದ ಸಿಹಿ ಬಿಯರ್, ಇಲ್ಲವೇ ಹಾಪ್ಸ್ ಸುರಿದು ಮಾಡಿದ ಐಪಿಎ. ಸೋಲುವುದು ಲಾಗರ್. ‘ಇದರಲ್ಲೇನಿದೆ, ನೀರಿದ್ದ ಹಾಗಿದೆ’ ಎಂದು ಅದನ್ನು ಪಕ್ಕಕ್ಕೆ ಸರಿಸುತ್ತಾರೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಕುಡಿಯುವವರ ನಾಲಿಗೆಯಲ್ಲಿ ದೋಷವಿಲ್ಲ, ಅವರ ಮುಂದಿಟ್ಟ ಪರೀಕ್ಷೆಯಲ್ಲಿದೆ.

ಮೊದಲ ಗುಟುಕಿನಲ್ಲಿ ಸಿಹಿ, ಹಾಪ್ಸ್‌ನ ಘಾಟು, ಆಲ್ಕೋಹಾಲಿನ ಬಿಸಿ ಈ ಮೂರೂ ತಕ್ಷಣ ಎದುರಿಗೆ ಬಂದು ನಿಲ್ಲುತ್ತವೆ. ತೆಳು ಬಿಯರುಗಳಾದ ಪಿಲ್ಸ್ನರ್ ಅಥವಾ ಕೋಲ್ಷ್ ಹಾಗಲ್ಲ. ಅವುಗಳಲ್ಲಿ ಮಾಲ್ಟಿನ ನವಿರಾದ ಸಿಹಿ, ಅದನ್ನು ಒರೆಸಿಕೊಂಡು ಹೋಗುವ ಕಹಿ, ಮತ್ತೆ ಒಣಗಿದ ಬಾಯಿ ಒಂದು ಸರಣಿಯಾಗಿ ಬರುತ್ತವೆ. ಆ ಸರಣಿ ಹಿಡಿತಕ್ಕೆ ಸಿಗಲು ಅರ್ಧ ಮಗ್ಗಾದರೂ ಬೇಕು. ಸ್ಯಾಂಪ್ಲರ್‌ನಲ್ಲಿ ಅಷ್ಟು ಬಿಯರೇ ಇರುವುದಿಲ್ಲ. ಅದರ ಮೇಲೆ ಗ್ಲಾಸನ್ನು ಕಂಠಮಟ್ಟ ತುಂಬಿರುತ್ತಾರೆ, ಪರಿಮಳ ನಿಲ್ಲಲು ಜಾಗವೇ ಇಲ್ಲ. ಸರದಿ ಕಾಯುತ್ತಾ ಕೂತ ಬಿಯರಿನ ತಣ್ಪೂ ಹೋಗುತ್ತದೆ, ಗ್ಯಾಸೂ ಹೋಗುತ್ತದೆ. ಐಪಿಎ ಕುಡಿದ ನಾಲಿಗೆಗೆ ಲಾಗರ್ ಸಪ್ಪೆಯಾಗಿಯೇ ತೋರಬೇಕು, ಏಕೆಂದರೆ ಹಾಪ್ಸ್‌ನ ಕಹಿ ಬಹಳ ಹೊತ್ತು ಬಾಯಲ್ಲಿ ಕೂರುತ್ತದೆ. ಪಕ್ಕದಲ್ಲಿ ಖಾರದ ಚಿಲ್ಲಿ ಚಿಕನ್ ಬೇರೆ. ಹೀಗೆ ನಡೆಯುವ ಹೋಲಿಕೆಯಲ್ಲಿ ಗೆದ್ದ ಬಿಯರನ್ನೇ ಒಂದು ಪಿಚರ್ ತರಿಸಿದಾಗ ಅರ್ಧಕ್ಕೇ ಮುಖ ಕಟ್ಟುವುದನ್ನು ಎಷ್ಟೋ ಮೇಜುಗಳಲ್ಲಿ ನೋಡಿದ್ದೇನೆ.

ಇದಕ್ಕೆ ಪೂರ್ತಿ ಎದುರು ನಿಲ್ಲುವ ಇನ್ನೊಂದು ಪದ್ಧತಿ ಇದೆ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ, ಅಂದರೆ ಬಿಜೆಸಿಪಿಯ ತೀರ್ಪುಗಾರರು ತುಂಬುವ 50 ಅಂಕಗಳ ಹಾಳೆ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ತುಂಬುವ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಈ ಹಾಳೆ ಬೇರುಬಿಟ್ಟದ್ದು ಮನೆಯಲ್ಲಿ ಬಿಯರ್ ಮಾಡುವವರ ನಡುವೆ. ಮನೆಬಿಯರಿಗೆ ಅಮೆರಿಕದ ಕೇಂದ್ರ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ. ಅದೇ ವರ್ಷ ಚಾರ್ಲಿ ಪಪಾಜಿಯನ್ ಮುಂದಾಗಿ ಹೋಂಬ್ರೂವರ್‌ಗಳ ಸಂಘ ಕಟ್ಟಿದರು. ಮನೆಬಿಯರಿನ ಸಾಮಾನು ಮಾರುವ ಅಂಗಡಿ ಇಟ್ಟಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ಚಿಕೋ ಊರಿನಲ್ಲಿ ಸಿಯೆರಾ ನೆವಾಡಾ ಬ್ರೂವರಿ ಶುರುಮಾಡಿದರು. ಇವತ್ತು ಇಂದಿರಾನಗರದಲ್ಲಿ ಕೂತು ನಾವು ಕುಡಿಯುವ ಪೇಲ್ ಏಲ್‌ನ ವಂಶವೃಕ್ಷವನ್ನು ಹಿಡಿದು ಹೋದರೆ ತಲುಪುವುದು ಅಂಥ ಮನೆಬಿಯರಿನವರನ್ನೇ.

ಮನೆಬಿಯರಿನ ಮಟ್ಟಿಗೆ ಈ ಹಾಳೆಯಷ್ಟು ಉಪಕಾರಿ ಇನ್ನೊಂದಿಲ್ಲ ಎಂಬುದು ನನ್ನ ದೃಢ ನಂಬಿಕೆ. ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯನೊಬ್ಬ ಹತ್ತೊಂಬತ್ತು ಲೀಟರಿನ ಹಂಡೆಯಲ್ಲಿ ಬಿಯರ್ ಕುದಿಸುತ್ತಾನೆ. ಅವನ ಮನೆಗೆ ಬಂದ ಕನ್ನಡದವರೆಲ್ಲ ‘ಸಕ್ಕತ್ತಾಗಿದೆ ಮಾರಾಯ’ ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು. ಆ ಮಾತಿನಿಂದ ಅವನ ಮುಂದಿನ ಹಂಡೆಗೆ ಏನೂ ಆಗುವುದಿಲ್ಲ. ಸ್ಪರ್ಧೆಗೆ ಕಳಿಸಿದಾಗ ಮರಳಿ ಬಂದ ಹಾಳೆಯಲ್ಲಿ ಇದ್ದದ್ದು ಬೇರೆಯೇ ಬಗೆಯ ಪ್ರೀತಿ: ಬೆಣ್ಣೆಯ ವಾಸನೆ ಇದೆ, ಯೀಸ್ಟನ್ನು ಬೇಗ ತಣ್ಣಗೆ ಮಾಡಿದ್ದೀರಿ, ಕೊನೆಯಲ್ಲಿ ಎರಡು ದಿನ ತುಸು ಬೆಚ್ಚಗಿಡಿ.

ಆ ಬೆಣ್ಣೆ ವಾಸನೆಯ ಹೆಸರು ಡೈಅಸಿಟೈಲ್. ಹುದುಗುವಾಗ ಯೀಸ್ಟಿನ ಕೆಲಸದಿಂದ ಅದು ಹುಟ್ಟುತ್ತದೆ, ಸಮಯ ಕೊಟ್ಟರೆ ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ. ಅವಸರಪಟ್ಟರೆ ಉಳಿಯುತ್ತದೆ. ಬಿಯರ್ ಬರುವ ಕೊಳವೆಗಳನ್ನು ಸರಿಯಾಗಿ ತೊಳೆಯದಿದ್ದರೂ ಬರುತ್ತದೆ. ಬೇಯಿಸಿದ ಮುಸುಕಿನ ಜೋಳದ ವಾಸನೆ ಬಂದರೆ ಕುದಿಸುವಾಗ ಮುಚ್ಚಳ ಮುಚ್ಚಿದ್ದಿರಬಹುದು, ಅಥವಾ ಕುದಿ ಸಾಲದೆ ಹೋಗಿರಬಹುದು. ಹಸಿ ಸೇಬಿನ ವಾಸನೆಯೆಂದರೆ ಬಿಯರ್ ಇನ್ನೂ ಎಳಸು. ಒದ್ದೆ ರಟ್ಟಿನ ವಾಸನೆಯೆಂದರೆ ಗಾಳಿ ಸೇರಿ ಹಳತಾಗಿದೆ. ಇವೆಲ್ಲ ಅಭಿರುಚಿಯ ಮಾತಲ್ಲ, ಕಾರಣವಿರುವ, ತಿದ್ದಬಹುದಾದ ತಪ್ಪುಗಳು. ಡೆನ್ಮಾರ್ಕ್ ಮೂಲದ ಮಾರ್ಟನ್ ಮೈಲ್‌ಗಾರ್ಡ್ 1970ರ ದಶಕದಲ್ಲಿ ಬಿಯರಿನ ರುಚಿಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿಟ್ಟದ್ದು ಇದೇ ಕಾರಣಕ್ಕೆ. ಒಬ್ಬ ‘ಒಂಥರಾ ಇದೆ’ ಎಂದದ್ದು ಇನ್ನೊಬ್ಬನಿಗೆ ಖಚಿತವಾಗಿ ತಿಳಿಯಬೇಕು.

ಬಿಜೆಸಿಪಿ ಹಾಳೆ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಅದು ಬಿಯರನ್ನು ಅದರ ಶೈಲಿಗೆ ಒರೆ ಹಚ್ಚಿ ನೋಡುತ್ತದೆ. ಮೈಕಲ್ ಜಾಕ್ಸನ್ ಎಂಬ ಇಂಗ್ಲಿಷ್ ಬರಹಗಾರ 1977ರಲ್ಲಿ ‘ದಿ ವರ್ಲ್ಡ್ ಗೈಡ್ ಟು ಬಿಯರ್’ ಬರೆದು ಶೈಲಿಗಳಾಗಿ ಬಿಯರನ್ನು ವಿಂಗಡಿಸಿ ನೋಡುವ ಕಣ್ಣು ಕೊಟ್ಟ. ಅದರಿಂದ ಉಪಕಾರವೇ ಆಯಿತು. ಆದರೆ ಶೈಲಿ ಎಂಬುದು ನಡೆದುಬಂದ ದಾರಿಯ ವಿವರಣೆ, ಮುಂದಿನ ದಾರಿಗೆ ಬೇಲಿ ಆಗಬಾರದು. ಬೆಲ್ಜಿಯಂನ ವಿಟ್ ಬಿಯರ್ 1950ರ ದಶಕದಲ್ಲಿ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಮುಂದಿನ ದಶಕದಲ್ಲಿ ಹ್ಯೂಗಾರ್ಡನ್ ಊರಿನ ಪಿಯರ್ ಸೆಲಿಸ್ ಅದನ್ನು ಮತ್ತೆ ಮಾಡಿದಾಗ ಅವರ ಕೈಯಲ್ಲಿ ಯಾರ ಅಂಕಪಟ್ಟಿಯೂ ಇರಲಿಲ್ಲ. ಊರಿನ ನೆನಪಿತ್ತು, ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಇತ್ತು.

ಈ ಬೇಲಿಯ ತೊಂದರೆ ಬೆಂಗಳೂರಿನಲ್ಲಿ ಕಣ್ಣಿಗೆ ಹೊಡೆಯುವುದು ಟಾಯ್ಟ್ ಬ್ರೂಪಬ್‌ನ ಬಾಸ್ಮತಿ ಬ್ಲಾಂಡ್ ಮುಂದಿಟ್ಟುಕೊಂಡಾಗ. ಬಿಜೆಸಿಪಿ ಪ್ರಕಾರ ಇಂಥದ್ದು ‘ಬೇರೆ ಧಾನ್ಯದ ಬಿಯರ್’ ಎಂಬ ಗುಂಪಿಗೆ ಹೋಗುತ್ತದೆ, ಅಲ್ಲಿನ ಮೊದಲ ಪ್ರಶ್ನೆಯೇ ಧಾನ್ಯದ ಗುರುತು ಸಿಗುತ್ತದೆಯೇ ಎಂಬುದು. ನನ್ನ ಬಾಯಿಗೆ ಅದರಲ್ಲಿ ಅಕ್ಕಿ ತನ್ನ ಹೆಸರು ಕೂಗುವುದಿಲ್ಲ. ಬಿಯರಿನ ಮೈಯನ್ನು ಹಗುರ ಮಾಡಿ, ಬಾಯನ್ನು ಒಣಗಿಸಿ, ಇನ್ನೊಂದು ಗುಟುಕಿಗೆ ಕೈ ಚಾಚುವಂತೆ ಮಾಡುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ ಈ ಊರಿಗೆ ಬೇಕಾದದ್ದು ಅದೇ. ಅಕ್ಕಿಯನ್ನು ಹುಡುಕಿ ಅಂಕ ಕಳೆಯುವ ಹಾಳೆ ಆ ಬಿಯರಿನ ಗುಣವನ್ನೇ ದೋಷವೆಂದು ಬರೆದುಕೊಳ್ಳುತ್ತದೆ. ಹಾಳೆಯ ಇನ್ನೊಂದು ಕೊರತೆ ಸ್ಯಾಂಪ್ಲರ್‌ನದೇ. ತೀರ್ಪುಗಾರರಿಗೂ ಸಿಗುವುದು ಕೆಲವೇ ಗುಟುಕು. ಒಂದು ಮಗ್ ಮುಗಿಸಿದ ಮೇಲೆ ಇನ್ನೊಂದು ಬೇಕೆನ್ನಿಸುತ್ತದೆಯೇ ಎಂಬ ಪ್ರಶ್ನೆ ಕೊನೆಯ ಹತ್ತು ಅಂಕಗಳ ಮೂಲೆಯಲ್ಲಿ ಇತರ ಎಲ್ಲದರ ಜೊತೆ ಮುದುಡಿ ಕೂತಿದೆ. ಬಿಯರಿನ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ನನಗೆ ಗೊತ್ತಿಲ್ಲ.

ಹಾಗಾದರೆ ಹೋಲಿಸುವುದು ಹೇಗೆ? ಒಂದೇ ಕುಲದ ಎರಡನ್ನು ತಗೊಳ್ಳಬೇಕು. ಬೆಂಗಳೂರು ಗೋಧಿ ಬಿಯರಿಗೆ ಮನಸೋತ ಊರು, ಆದ್ದರಿಂದ ಅಲ್ಲಿಂದಲೇ ಆರಂಭಿಸಬಹುದು: ಎರಡು ಪಬ್‌ಗಳ ಹೆಫೆವೈಜನ್. ಜರ್ಮನಿಯ ಈ ಬಿಯರಿನಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಗೋಧಿ ಮಾಲ್ಟ್ ಇರುತ್ತದೆ. ಬಾಳೆಹಣ್ಣಿನ, ಲವಂಗದ ಪರಿಮಳ ಎರಡೂ ಯೀಸ್ಟಿನ ಕೊಡುಗೆ, ಬಾಳೆಹಣ್ಣನ್ನೋ ಲವಂಗವನ್ನೋ ಯಾರೂ ಹಾಕಿರುವುದಿಲ್ಲ. ಒಂದರಲ್ಲಿ ಬಾಳೆ ಮುಂದೆ ಬಂದು ಲವಂಗ ಹಿಂದೆ ಉಳಿದಿರುತ್ತದೆ, ಇನ್ನೊಂದರಲ್ಲಿ ತಿರುಗಾಮುರುಗಾ. ಇದು ಬ್ರೂವರ್ ಇಟ್ಟ ಶಾಖ, ಆರಿಸಿಕೊಂಡ ಯೀಸ್ಟು ಇವುಗಳ ಫಲ. ಇಲ್ಲಿ ಹೋಲಿಕೆಗೆ ಅರ್ಥವಿದೆ, ಒಬ್ಬ ಮನುಷ್ಯನ ನಿರ್ಧಾರವನ್ನು ಇನ್ನೊಬ್ಬನ ನಿರ್ಧಾರದ ಪಕ್ಕದಲ್ಲಿಟ್ಟು ನೋಡುತ್ತಿದ್ದೇವೆ. ಸ್ಟೌಟನ್ನು ಮಾವಿನ ಬಿಯರಿನ ಜೊತೆ ತೂಗಿದರೆ ಸಿಗುವುದು ನಮ್ಮ ಆ ಹೊತ್ತಿನ ಮನಸ್ಸಿನ ಸುದ್ದಿ ಮಾತ್ರ.

ಹೆಸರು ಮುಚ್ಚಿ ಕುಡಿಯುವುದು ಇನ್ನೂ ಮುಖ್ಯ. ಕಾರ್ಲ್ಸ್‌ಬರ್ಗ್‌ನವರು 1940ರ ದಶಕದಲ್ಲಿ ಬಳಕೆಗೆ ತಂದ ಮೂರು ಗ್ಲಾಸಿನ ಪರೀಕ್ಷೆ ಇವತ್ತಿಗೂ ಹಳತಾಗಿಲ್ಲ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದೆಂದು ಹೇಳಬೇಕು. ಕಣ್ಣುಮುಚ್ಚಿ ಹೇಳಿದರೂ ಮೂರರಲ್ಲೊಂದು ಸಲ ಸರಿಹೋಗುತ್ತದೆ, ಅದಕ್ಕಿಂತ ಹೆಚ್ಚು ಸಲ ಹೇಳಬಲ್ಲವರ ಅಭಿಪ್ರಾಯಕ್ಕೆ ಆಮೇಲೆ ಕಿವಿಗೊಡಬಹುದು. ಗೆಳೆಯರ ಮೇಜಿನಲ್ಲಿ ಇದನ್ನು ಮಾಡಿಸಿದರೆ ದೊಡ್ಡ ದನಿಯ ತೀರ್ಪುಗಳು ತಾವಾಗಿಯೇ ಇಳಿಯುತ್ತವೆ, ಮಾತು ನಿಜವಾಗಿ ಬಿಯರಿನ ಕಡೆ ತಿರುಗುತ್ತದೆ. ಆಮೇಲೆ ಗೆದ್ದದ್ದನ್ನೂ ಸೋತದ್ದನ್ನೂ ಒಂದೊಂದು ದಿನ ಪೂರ್ತಿ ಮಗ್ ಕುಡಿಯಬೇಕು. ಒಂದೇ ಸಂಜೆಯಲ್ಲಲ್ಲ, ಎರಡನೆಯ ಮಗ್ಗಿನ ಹೊತ್ತಿಗೆ ಮೂಗು ಮಂದವಾಗಿರುತ್ತದೆ.

ನಮ್ಮಲ್ಲಿ ಈ ಕಲಿಕೆ ನಿಧಾನವಾಗಲು ಒಂದು ನಿಜವಾದ ಕಾರಣವಿದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮನೆಬಿಯರಿಗೂ ಅದೇ ಅನ್ವಯ. ಹೀಗಾಗಿ ತನ್ನ ಕೈಯಾರೆ ಒಂದು ಹಂಡೆ ಕೆಡಿಸಿ ದೋಷ ಎಂದರೇನೆಂದು ಕಲಿತವರು ಇಲ್ಲಿ ಕಡಿಮೆ. ಬೆಂಗಳೂರಿನ ಗೈಸ್ಟ್ ಬ್ರೂವರಿ ಕಟ್ಟಿದ ನಾರಾಯಣ್ ಮಾನೇಪಲ್ಲಿ ಅಂಥವರು ಹಿಡಿತ ಸಾಧಿಸಿದ್ದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿದ್ದಾಗ ಮನೆಯಲ್ಲೇ ಬಿಯರ್ ಮಾಡಿ. ಇಲ್ಲೇ ಉಳಿದ ಕುಡಿಯುವವನಿಗೆ ಆ ಶಾಲೆ ಇಲ್ಲ. ನಗರದ ಒಂದು ಪಬ್‌ನಲ್ಲಿ ಬೆಣ್ಣೆ ವಾಸನೆ ಮುಖಕ್ಕೆ ಹೊಡೆಯುವ ಲಾಗರನ್ನು ‘ಕ್ರೀಮಿಯಾಗಿದೆ’ ಎಂದು ಪಕ್ಕದ ಮೇಜಿನವರು ಮೆಚ್ಚಿ ಕುಡಿಯುತ್ತಿದ್ದರು, ಬಡಿಸುವ ಹುಡುಗನೂ ಅದೇ ಮಾತು ಹೇಳಿದ. ಸಿಹಿ ಮಾವಿನ ಬಿಯರಿನಲ್ಲಿ ಇಂಥ ದೋಷ ಅಡಗಿಕೊಳ್ಳುತ್ತದೆ, ಲಾಗರಿನಲ್ಲಿ ಅಡಗಲು ಜಾಗವಿಲ್ಲ. ಆದ್ದರಿಂದಲೇ ಹೊಸ ಪಬ್‌ಗೆ ಹೋದಾಗ ನಾನು ಮೊದಲು ಕೇಳುವುದು ಅವರ ಲಾಗರ್. ಒಂದು ಪೂರ್ತಿ ಗ್ಲಾಸು, ಬೇರೆ ಯಾವುದನ್ನೂ ಕುಡಿಯುವ ಮುಂಚೆ. ಪಬ್‌ನವರೂ ಎರಡು ಕೆಲಸ ಮಾಡಬಹುದು: ಹಲಗೆಯ ಮೇಲೆ ಆರು ಬಗೆಯ ಬದಲು ಒಂದೇ ಲಾಗರಿನ ಎರಡು ಬ್ಯಾಚ್ ಇಡುವುದು, ಮತ್ತು ಪ್ರತಿ ಬಿಯರಿನ ಹೆಸರಿನ ಮುಂದೆ ಅದನ್ನು ಟ್ಯಾಪಿಗೆ ಹಾಕಿದ ತಾರೀಖು ಬರೆಯುವುದು.