ಊರಿಗೆ ಮರಳುವ ಕೃತಿಗಳಲ್ಲಿ ಆಲಂಬನವಿಚಾರ

ಬಹುಕಾಲ ಪರಸ್ಥಳದಲ್ಲಿದ್ದವನು ಹುಟ್ಟೂರಿಗೆ ಬಂದು, ಸಡಿಲಿದ ಸಂಬಂಧವನ್ನು ಮತ್ತೆ ಕಟ್ಟಿಕೊಳ್ಳುವ ವೃತ್ತಾಂತವು ಪಡುವಣ ಕರಾವಳಿಯ ಕನ್ನಡ ವಾಙ್ಮಯದಲ್ಲಿ ಪದೇಪದೇ ಕಾಣಿಸಿಕೊಳ್ಳುತ್ತದೆ. ಉಡುಪಿ, ಕುಂದಾಪುರ, ಕಾಪು, ಕಾರ್ಕಳ ಪ್ರಾಂತಗಳ ಜನರು ವಿದ್ಯೆಗಾಗಿಯೂ ಹೋಟೆಲು ಮುಂತಾದ ಉದ್ಯಮಗಳಿಗಾಗಿಯೂ ಮದರಾಸು, ಮುಂಬಯಿ, ಬೆಂಗಳೂರುಗಳಿಗೆ ಹೋಗಿ ನೆಲಸುವುದು ತಲೆಮಾರುಗಳಿಂದ ನಡೆದುಬಂದಿದೆ. ಆದುದರಿಂದ ಇದು ಕವಿಗಳು ಕಲ್ಪಿಸಿಕೊಂಡ ವಸ್ತುವಲ್ಲ, ಲೋಕಾನುಭವದಿಂದ ಹುಟ್ಟಿದುದು. ಇಂತಹ ಕೃತಿಗಳ ಗುಣದೋಷಗಳನ್ನು ವಿಚಾರಿಸುವವರು ಮೊದಲು ನಿರ್ಣಯಿಸಬೇಕಾದ ಪ್ರಶ್ನೆಯೊಂದಿದೆ. ಮರಳಿ ಬಂದವನ ಮಮತೆಗೆ ಆಲಂಬನವಾದುದು ಯಾವುದು? ಊರಿನ ನೆಲ ನೀರು ಗುಡಿ ಗೋಪುರಗಳೋ, ಅಲ್ಲಿ ಬಾಳುತ್ತಿರುವ ಜನರೋ?

ಆಲಂಕಾರಿಕರ ಮತದಲ್ಲಿ ವಿಭಾವವು ಎರಡು ಬಗೆ. ಯಾರನ್ನು ಆಶ್ರಯಿಸಿ ಭಾವವು ಹುಟ್ಟುವುದೋ ಅವರು ಆಲಂಬನ. ಹುಟ್ಟಿದ ಭಾವವನ್ನು ಯಾವುದು ಬೆಳಗಿಸುವುದೋ ಅದು ಉದ್ದೀಪನ. ಶೃಂಗಾರದಲ್ಲಿ ನಾಯಕನೂ ನಾಯಿಕೆಯೂ ಆಲಂಬನ, ಚಂದ್ರೋದಯ ಮಲಯಾನಿಲಾದಿಗಳು ಉದ್ದೀಪನ. ನಾಯಿಕೆಯೇ ಇಲ್ಲದೆ ಬೆಳುದಿಂಗಳನ್ನು ಎಷ್ಟು ವರ್ಣಿಸಿದರೂ ಶೃಂಗಾರವು ಸಿದ್ಧಿಸದು. ಹುಟ್ಟೂರಿನ ಮೇಲಣ ಪ್ರೀತಿಯನ್ನು ಮಮ್ಮಟನ ಮಾರ್ಗದಲ್ಲಿ ರಸವೆನ್ನದೆ ಭಾವವೆಂದೇ ಎಣಿಸಬೇಕಾದೀತು. ಆದರೂ ವಿಭಾವದ ನಿಯಮವು ಅದಕ್ಕೂ ತಪ್ಪಿದುದಲ್ಲ.

ಇಲ್ಲಿ ಪೂರ್ವಪಕ್ಷವು ಹೀಗಿದೆ: ಪುರವರ್ಣನೆಯು ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಒಂದಾಗಿರುವುದರಿಂದ ಊರನ್ನು ಹೇಳುವವನು ಊರಿನ ಪ್ರಸಿದ್ಧ ವಸ್ತುಗಳನ್ನು ಹೇಳಿದರೆ ಸಾಕು. ಉಡುಪಿಯಾದರೆ ಶ್ರೀಕೃಷ್ಣನ ಗುಡಿ ಮತ್ತು ಎಂಟು ಮಠಗಳೊಳಗೆ ಎರಡು ವರ್ಷಕ್ಕೊಮ್ಮೆ ಕೈಬದಲಾಗುವ ಪರ್ಯಾಯ. ಕಾರ್ಕಳವಾದರೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಗೊಮ್ಮಟ. ಕಾಪುವಾದರೆ ಮಾರಿಗುಡಿಗಳು ಮತ್ತು ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ. ಶಾಲೆಗಳಲ್ಲಿ 'ನಮ್ಮ ಊರು' ಎಂಬ ಪ್ರಬಂಧವನ್ನು ಬರೆಯುವ ಬಾಲಕರಿಂದ ಹಿಡಿದು ಪ್ರೌಢ ಲೇಖಕರವರೆಗೆ ಬಹುಮಂದಿ ಈ ಪಕ್ಷವನ್ನೇ ಅನುಸರಿಸುತ್ತಾರೆ. ಆದರೆ ಯಾತ್ರಿಕನಿಗೂ ಊರಿನವನಿಗೂ ಈ ವಸ್ತುಗಳು ಸಮಾನವಾಗಿಯೇ ಕಾಣಿಸುತ್ತವೆ. ಗೊಮ್ಮಟನನ್ನು ನೋಡಿ ಪರವೂರಿನವನು ಪಡುವ ವಿಸ್ಮಯಕ್ಕೂ ಕಾರ್ಕಳದವನು ಪಡುವ ವಿಸ್ಮಯಕ್ಕೂ ಭೇದವನ್ನು ತೋರಿಸದ ಬರೆಹವು ಮರಳುವಿಕೆಯ ಬರೆಹವಲ್ಲ, ಯಾತ್ರಾವರ್ಣನೆ.

ಪ್ರಾಚೀನ ಮಹಾಕವಿಗಳ ನಡೆಯೂ ಪೂರ್ವಪಕ್ಷಕ್ಕೆ ಅನುಕೂಲವಾಗಿಲ್ಲ. ವಾಲ್ಮೀಕಿಯ ರಾಮನು ಹದಿನಾಲ್ಕು ವರ್ಷಗಳ ಮೇಲೆ ಅಯೋಧ್ಯೆಯ ಸಮೀಪಕ್ಕೆ ಬಂದಾಗ ಹನುಮಂತನನ್ನು ಮುಂದೆ ಕಳುಹಿಸುವುದು ನಗರದ ಸ್ಥಿತಿಯನ್ನು ನೋಡಿಬರುವುದಕ್ಕಲ್ಲ. ಮೊದಲು ಗುಹನಿಗೆ ಕುಶಲವಾರ್ತೆ, ಬಳಿಕ ಭರತನ ಮುಖಭಾವದ ಪರೀಕ್ಷೆ. ಮೇಘದೂತದ ಯಕ್ಷನು ಅಲಕೆಯ ವೈಭವವನ್ನು ಎಷ್ಟು ಹೊಗಳಿದರೂ, ತನ್ನ ಮನೆಯ ಗುರುತನ್ನು ಹೇಳುವ ವೇಳೆಗೆ ಅವನಿಗೆ ನೆನಪಾಗುವುದು ಪತ್ನಿಯು ಮಗನಂತೆ ಸಾಕಿದ ಎಳೆಯ ಮಂದಾರ; ಅಲ್ಲಿ ಗಿಡವೂ ವ್ಯಕ್ತಿಸಂಬಂಧದಿಂದಲೇ ಗುರುತಾಗುತ್ತದೆ. 941ರ ಸುಮಾರಿಗೆ ಬನವಾಸಿಯನ್ನು ನೆನೆದ ಪಂಪನು ಕೂಡ ಮೊದಲು ಆ ನಾಡಿನ ಉದಾರಿಗಳೂ ರಸಿಕರೂ ಆದ ಮನುಷ್ಯರನ್ನು ಎತ್ತಿಹೇಳಿ, ಅಂತಹ ಮನುಷ್ಯಜನ್ಮವು ದೊರೆಯದಿದ್ದರೆ ಎಂಬ ಎರಡನೆಯ ಪಕ್ಷದಲ್ಲಿಯೇ ತುಂಬಿ ಕೋಗಿಲೆಗಳ ಮಾತಿಗೆ ಬರುತ್ತಾನೆ. ಜನರು ಮೊದಲು, ವನವು ಅನಂತರ ಎಂಬ ಕ್ರಮವನ್ನು ವಿದ್ವಾಂಸರು ಗಮನಿಸಬೇಕು.

ಈ ಭೇದಕ್ಕೆ ಪ್ರತ್ಯಕ್ಷವಾದ ದೃಷ್ಟಾಂತವು ಮಣಿಪಾಲದಲ್ಲಿದೆ. ವಿಜಯನಾಥ ಶೆಣೈಯವರು (ನಿಧನ 2017) ಕೆಡವಲ್ಪಡಲಿದ್ದ ಹಳೆಯ ಮನೆಗಳ ಕಂಬ, ತೊಲೆ, ಬಾಗಿಲುವಾಡಗಳನ್ನು ಬಿಚ್ಚಿ ತಂದು ಅಲ್ಲಿಯ 'ಹಸ್ತಶಿಲ್ಪ' ಪರಂಪರೆಯ ಗ್ರಾಮದಲ್ಲಿ ಮರಳಿ ಜೋಡಿಸಿದರು. ಕುಂಜೂರು ಚೌಕಿಮನೆ, ಮಿಯಾರು ಮನೆ ಮುಂತಾದುವನ್ನು ಇಂದಿಗೂ ನೋಡಬಹುದು. ಈ ಮಹತ್ಕಾರ್ಯಕ್ಕೆ ನಾಡು ಋಣಿಯಾಗಿದೆ. ಆದರೆ ಅಲ್ಲಿ ತಿಳಿಯುವ ಪಾಠವೂ ಒಂದುಂಟು: ಮನೆಯನ್ನು ಬಿಚ್ಚಿ ಮತ್ತೆ ಕಟ್ಟಬಹುದು, ಜಗಲಿಯ ಮೇಲೆ ಕುಳಿತು, ಬಂದವರನ್ನು ಯಾವಾಗ ಬಂದದ್ದೆಂದು ಕೇಳುತ್ತಿದ್ದ ಅಜ್ಜಿಯನ್ನು ಹಾಗೆ ಜೋಡಿಸಲಾಗದು. ತೊಲೆ ಕಂಬಗಳಿಂದ ಆಗದ ಆ ಕೆಲಸವು ಸಾಹಿತ್ಯದ ಪಾಲಿಗೆ ಬಂದಿದೆ.

ಹಾಗೆಂದು ಊರಿನ ಜನರನ್ನು ಕೃತಿಯೊಳಕ್ಕೆ ತಂದ ಮಾತ್ರಕ್ಕೆ ಆಲಂಬನವು ಸಿದ್ಧವಾಯಿತೆಂದು ತಿಳಿಯಕೂಡದು. ಪ್ರತಿಯೊಂದು ಊರಿನಲ್ಲಿಯೂ ವಿಲಕ್ಷಣರಾದ ಕೆಲವರಿರುತ್ತಾರೆ: ಯಕ್ಷಗಾನದ ಹುಚ್ಚಿನವನು, ಮಾತು ನಿಲ್ಲಿಸದ ಮುದುಕಿ, ಅರೆಮರುಳು, ಊರ ಸುದ್ದಿಯ ಭಂಡಾರಿ. ಮರಳಿ ಬಂದವನ ಲೇಖನಿಗೆ ಇವರು ಸುಲಭವಾಗಿ ಸಿಕ್ಕುತ್ತಾರೆ. ವಿಕೃತವಾದ ವೇಷದಿಂದಲೂ ಮಾತಿನಿಂದಲೂ ಹಾಸ್ಯವು ಹುಟ್ಟುವುದೆಂದು ಭರತಮುನಿಯು ಹೇಳಿರುವನಷ್ಟೆ. ಇವರನ್ನು ಸಾಲಾಗಿ ನಿಲ್ಲಿಸಿ ನಗಿಸಿದರೆ ಹಾಸ್ಯವು ದೊರೆಯುತ್ತದೆ, ಊರು ದೊರೆಯುವುದಿಲ್ಲ. ಒಬ್ಬರಲ್ಲಿ ಮಾತ್ರ ಇದ್ದು ಮತ್ತೊಬ್ಬರಲ್ಲಿ ಇಲ್ಲದ ರತಿಯನ್ನು ಆಲಂಕಾರಿಕರು ಆಭಾಸವೆಂದು ಕರೆದರು. ಊರಿನವರಿಗೆ ತನ್ನನ್ನು ನೋಡುವ ಕಣ್ಣನ್ನು ಕೊಡದೆ ತಾನೊಬ್ಬನೇ ಅವರನ್ನು ನೋಡಿ ನಲಿಯುವವನ ಊರಪ್ರೀತಿಯೂ ಅದೇ ನ್ಯಾಯದಿಂದ ಭಾವಾಭಾಸವೆನ್ನಿಸಿಕೊಳ್ಳುತ್ತದೆ.

ಆದುದರಿಂದ ಪರೀಕ್ಷೆಗೆ ಮೂರು ಲಕ್ಷಣಗಳನ್ನು ಇಟ್ಟುಕೊಳ್ಳಬಹುದು. ಊರಿನ ವ್ಯಕ್ತಿಗೆ ತನ್ನದೇ ಆದ ಮಾತಿರಬೇಕು. ಬಂದವನಿಗೆ ಸಂಬಂಧಿಸದ ತನ್ನದೇ ಆದ ಬಾಳಿರಬೇಕು. ಬಂದವನನ್ನು ತೂಗಿನೋಡುವ ಅಧಿಕಾರವಿರಬೇಕು.

ಮೊದಲನೆಯ ಲಕ್ಷಣಕ್ಕೆ ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದು, 1901ರಲ್ಲಿ ತೀರಿಹೋದ ಲಕ್ಷ್ಮೀನಾರಣಪ್ಪ, ಎಂದರೆ ಮುದ್ದಣನೇ ಉತ್ತಮವಾದ ಉದಾಹರಣೆ. ಅವನ ಶ್ರೀರಾಮಾಶ್ವಮೇಧದ ಕಥೆಯು ಅಯೋಧ್ಯೆಯದು. ಆ ಕಥೆಯೊಳಗೆ ಕರಾವಳಿಯನ್ನು ಹುಡುಕುವವನಿಗೆ ಹೆಚ್ಚೇನೂ ಸಿಕ್ಕದು. ಆದರೆ ಕಥೆಯನ್ನು ಕೇಳಲು ಕುಳಿತ ಮನೋರಮೆಯು ಬಾಯಿ ತೆರೆದೊಡನೆ ಕರಾವಳಿಯ ಮಳೆಗಾಲದ ಮನೆಯು ಪ್ರತ್ಯಕ್ಷವಾಗುತ್ತದೆ. ಅವಳು ಸುಮ್ಮನೆ ಕೇಳುವವಳಲ್ಲ. ತಡೆಯುತ್ತಾಳೆ, ಛೇಡಿಸುತ್ತಾಳೆ, ಸಂಸ್ಕೃತದ ಭಾರವು ಹೆಚ್ಚಾದರೆ ಒಲ್ಲೆನೆನ್ನುತ್ತಾಳೆ. ಪಂಡಿತನಾದ ಪತಿಯು ಅವಳ ಮಾತಿಗೆ ತಲೆಬಾಗಿ ತನ್ನ ನಡೆಯನ್ನು ತಿದ್ದಿಕೊಳ್ಳುತ್ತಾನೆ. ಶಾಸ್ತ್ರದ ದೂರದೇಶಕ್ಕೆ ಹೋದ ವಾಣಿಯನ್ನು ಮನೆಗೆ ಕರೆತಂದವಳು ಅವಳು. ಹಳೆಗನ್ನಡದ ಉಡುಗೆಯನ್ನು ತೊಟ್ಟಿದ್ದರೂ ಅವಳ ಮಾತಿನ ಬನಿ ಮನೆಯೊಳಗಿನದೇ.

ಈ ವಸ್ತುವಿನ ಪ್ರಧಾನಕೃತಿಯೆಂದು ಹೇಳಬೇಕಾದುದು ಕೋಟದ ಶಿವರಾಮ ಕಾರಂತರ (1902–1997) 'ಮರಳಿ ಮಣ್ಣಿಗೆ' (1941). ಕಡಲಿಗೂ ಹೊಳೆಗೂ ನಡುವಣ ಕೋಡಿ ಎಂಬ ಊರಿನಲ್ಲಿ ರಾಮೈತಾಳ, ಅವನ ಮಗ ಲಚ್ಚ, ಮೊಮ್ಮಗ ರಾಮ ಎಂಬ ಮೂರು ತಲೆಮಾರುಗಳ ಕಥೆಯಿದು. ಇಂಗ್ಲಿಷು ವಿದ್ಯೆಯನ್ನು ಕಲಿತ ಲಚ್ಚನು ದುರ್ವ್ಯಸನಿಯಾಗಿ ಮನೆಯನ್ನು ಹಾಳುಮಾಡುತ್ತಾನೆ. ಮದರಾಸಿನಲ್ಲಿ ಓದಿದ ರಾಮನು ಸ್ವಾತಂತ್ರ್ಯದ ಚಳವಳಿಯಲ್ಲಿ ಸೇರಿ, ಅಲೆದು, ಕೊನೆಗೆ ಕೋಡಿಗೆ ಬಂದು ನೆಲವನ್ನು ನೆಚ್ಚುತ್ತಾನೆ. ಗ್ರಂಥದ ಹೆಸರನ್ನು ನೋಡಿದರೆ ಮಣ್ಣೇ ಆಲಂಬನವೆಂದು ತೋರುತ್ತದೆ. ಹಲವು ವಿಮರ್ಶಕರು ಹಾಗೆಯೇ ತಿಳಿದು ಕಡಲಿನ ವರ್ಣನೆಗಳನ್ನು ಕೊಂಡಾಡಿದ್ದಾರೆ.

ಕೃತಿಯನ್ನು ಸಾವಧಾನವಾಗಿ ಓದಿದವರಿಗೆ ಬೇರೊಂದು ಅರ್ಥವು ಹೊಳೆಯುತ್ತದೆ. ಐತಾಳನ ವಿಧವೆಯಾದ ತಂಗಿ ಸರಸೋತಿ, ಮೊದಲ ಹೆಂಡತಿ ಪಾರೋತಿ, ಸೊಸೆ ನಾಗವೇಣಿ, ಈ ಮೂವರ ದುಡಿಮೆಯಿಂದಲೂ ತಾಳ್ಮೆಯಿಂದಲೂ ಆ ಮಣ್ಣು ಮಣ್ಣಾಗಿ ಉಳಿದಿದೆ. ಗಂಡಸರು ಹೊರಟುಹೋದಾಗ ಅಲ್ಲಿಯೇ ಉಳಿದವರು ಇವರು. ಗಂಡನಿಂದ ಸಕಲ ವಿಧವಾದ ದುಃಖವನ್ನೂ ಅನುಭವಿಸಿದ ನಾಗವೇಣಿಯು ಅಲ್ಲಿ ನಿಂತಿಲ್ಲದಿದ್ದರೆ ರಾಮನಿಗೆ ಮರಳುವುದಕ್ಕೆ ಕೋಡಿಯೆಂಬ ಸ್ಥಳವಿರುತ್ತಿತ್ತೇ ಹೊರತು ಊರಿರುತ್ತಿರಲಿಲ್ಲ. ಹೆಸರಿನಲ್ಲಿ ಉದ್ದೀಪನವು ಮುಂದಾಗಿದ್ದರೂ ಕೃತಿಯಲ್ಲಿ ಆಲಂಬನವೇ ಗೆದ್ದಿದೆ. ಈ ಸ್ತ್ರೀಯರಿಗೆ ಸ್ವಂತದ ಬಾಳೂ ಉಂಟು, ಗಂಡಸರನ್ನು ತೂಗುವ ದೃಷ್ಟಿಯೂ ಉಂಟು. ಒಂದು ನ್ಯೂನತೆಯನ್ನು ಮಾತ್ರ ಹೇಳದೆ ವಿಧಿಯಿಲ್ಲ: ರಾಮನ ಭಾಗದಲ್ಲಿ ದೇಶ, ವಿದ್ಯೆ, ಉದ್ಯೋಗಗಳ ಚರ್ಚೆಯು ಹೆಚ್ಚಾಗಿ, ಊರಿನವರು ಅವನನ್ನು ಕೇಳಬೇಕಾದ ಪ್ರಶ್ನೆಗಳನ್ನು ಅವನೇ ತನಗೆ ಕೇಳಿಕೊಳ್ಳುತ್ತಾನೆ. ಆದುದರಿಂದಲೇ ಮೊದಲ ಎರಡು ತಲೆಮಾರುಗಳ ಕಥೆಗಿರುವ ಬಿಗಿ ಮೂರನೆಯದಕ್ಕಿಲ್ಲ.

1968ರಲ್ಲಿ ಪ್ರಕಟವಾಗಿ, ಮುಂದೆ 1977ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರವಾದ 'ಮೂಕಜ್ಜಿಯ ಕನಸುಗಳು' ಈ ನ್ಯೂನತೆಗೆ ಉತ್ತರದಂತಿದೆ. ಇಲ್ಲಿ ಪ್ರಶ್ನೆಯನ್ನು ಕೇಳುವವನು ಮೊಮ್ಮಗನಾದ ಸುಬ್ಬರಾಯ. ಉತ್ತರವು ಬಾಲವಿಧವೆಯಾಗಿ ಬಾಳಿ ಮುಪ್ಪಾದ ಅಜ್ಜಿಯದು. ವಸ್ತುವೊಂದನ್ನು ಕೈಯಲ್ಲಿ ಹಿಡಿದು ಅದರ ಗತಕಾಲವನ್ನು ಕಾಣುವ ಈಕೆಯನ್ನು ಊರು ಮರುಳೆಂದು ಎಣಿಸಿದ್ದರೆ ಆಶ್ಚರ್ಯವಿಲ್ಲ. ಕೃತಿಯು ಹಾಗೆ ಎಣಿಸುವುದಿಲ್ಲ. ಊರನ್ನು ಬಿಟ್ಟುಹೋಗದವನಿಗೂ ಊರು ಅಪರಿಚಿತವಾಗಿರಬಹುದು, ಒಬ್ಬ ವ್ಯಕ್ತಿಯ ಸನ್ನಿಧಿಯಲ್ಲಿಯೇ ಅದರ ಪರಿಚಯವಾಗಬಹುದು ಎಂಬುದನ್ನು ಈ ಗ್ರಂಥವು ಸ್ಥಾಪಿಸಿದೆ.

ವಿಲಕ್ಷಣ ವ್ಯಕ್ತಿಗಳನ್ನು ಹಾಸ್ಯದಿಂದ ಪಾರುಮಾಡಿದ ಕೀರ್ತಿಯು ವಿಶೇಷವಾಗಿ ಕುಂದಾಪುರದಲ್ಲಿ 1945ರಲ್ಲಿ ಹುಟ್ಟಿ ಮಣಿಪಾಲದಲ್ಲಿ ನೆಲಸಿದ ವೈದೇಹಿಯವರಿಗೆ ಸಲ್ಲುತ್ತದೆ. ಅವರ ಅಕ್ಕು, ಗಂಡನು ತೊರೆದುಹೋದ ಬಳಿಕ ಬಸುರಿನ ಭ್ರಮೆಯಲ್ಲಿ ಬಾಳುವ ಹೆಂಗಸು. ಅವಳ ಮಾತು ಮೊದಲು ನಗೆಯನ್ನು ತರುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಆ ಮಾತು ಮನೆಯ ಮರ್ಯಾದಸ್ಥರ ಗುಟ್ಟನ್ನು ಬಯಲುಮಾಡಲು ನಗುವವರ ಬಾಯಿ ಕಟ್ಟುತ್ತದೆ. ಸೂಲಗಿತ್ತಿಯಾದ ಲಿಲ್ಲಿಬಾಯಿಯು ಊರಿಗೆ ಬಂದ ಟಾಕೀಸಿಗೆ ಮನಸೋತು ಹೆಂಗಸರ ಬಾಗಿಲನ್ನು ಕಾಯುವವಳಾಗುವ ಕಥೆಯಲ್ಲಿ ಒಂದು ಪೇಟೆಯ ಸ್ತ್ರೀಲೋಕವೆಲ್ಲವೂ ಹೊಸ ಬೆಳಕನ್ನು ಕಾಣುತ್ತದೆ. ಈ ಪಾತ್ರಗಳು ಕುಂದಾಪುರದ ಕನ್ನಡದಲ್ಲಿಯೇ ಮಾತಾಡುತ್ತವೆ. ಅದನ್ನು ಶಿಷ್ಟಭಾಷೆಗೆ ತಿರುಗಿಸಿದರೆ ಅರ್ಥವು ಉಳಿದೀತು, ಆಳು ಉಳಿಯುವುದಿಲ್ಲ. ಇದೇ ಲೇಖಕಿಯು ರಂಗಕರ್ಮಿ ಬಿ. ವಿ. ಕಾರಂತರ ಬಾಯಿಂದ ಕೇಳಿ ನಿರೂಪಿಸಿದ ಆತ್ಮಕಥೆಗೆ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಎಂದು ಹೆಸರಿಟ್ಟಿರುವುದು ಪ್ರಕೃತ ವಿಷಯಕ್ಕೆ ಶೀರ್ಷಿಕೆಯಾಗತಕ್ಕುದು.

ಕಥೆ ಕಾದಂಬರಿಗಳಲ್ಲಿ ಕಂಡ ಈ ಲಕ್ಷಣಗಳು ದೃಶ್ಯಮಾಧ್ಯಮಕ್ಕೂ ಅನ್ವಯಿಸುತ್ತವೆ. ಉಡುಪಿಯವರೇ ಆದ ರಕ್ಷಿತ್ ಶೆಟ್ಟಿಯವರು ನಿರ್ದೇಶಿಸಿದ 'ಉಳಿದವರು ಕಂಡಂತೆ' (2014) ಎಂಬ ಚಲಚ್ಚಿತ್ರವು ಮಲ್ಪೆಯಲ್ಲಿ ನಡೆಯುತ್ತದೆ. ಮುಂಬಯಿಯಿಂದ ತಾಯಿಯ ಬಳಿಗೆ ಮರಳುವ ಮಗನ ವೃತ್ತಾಂತವೂ ಅದರಲ್ಲಿ ಸೇರಿದೆ. ನಡೆದ ಸಂಗತಿಯನ್ನು ಪತ್ರಕರ್ತೆಯೊಬ್ಬಳು ಬೇರೆಬೇರೆಯವರಿಂದ ಕೇಳಿ ತಿಳಿಯುತ್ತ ಹೋಗುವ ಕ್ರಮವು ಊರಿನವರಿಗೇ ಸಾಕ್ಷಿಯ ಅಧಿಕಾರವನ್ನು ಕೊಟ್ಟಿದೆ. ಹುಲಿವೇಷ, ಮೀನಿನ ದಕ್ಕೆ, ಕಡಲು ಇವುಗಳ ಶೋಭೆಯು ಕೆಲವೆಡೆ ಪಾತ್ರಗಳನ್ನು ಮುಚ್ಚುವಷ್ಟು ಬೆಳೆದಿದೆ. ಆದರೆ ರತ್ನಕ್ಕನೆಂಬ ಆ ತಾಯಿಯು ಎದುರಿಗಿರುವಷ್ಟು ಹೊತ್ತು ಉದ್ದೀಪನವು ತನ್ನ ಎಡೆಯಲ್ಲಿಯೇ ನಿಲ್ಲುತ್ತದೆ.

ಮೇಲೆ ಹೇಳಿದ ಕೃತಿಗಳನ್ನು ಒಟ್ಟಿಗೆ ನೋಡಿದರೆ ಒಂದು ಅಂಶವು ಎದ್ದು ಕಾಣುತ್ತದೆ. ಮನೋರಮೆ, ಸರಸೋತಿ, ನಾಗವೇಣಿ, ಮೂಕಜ್ಜಿ, ಅಕ್ಕು, ಲಿಲ್ಲಿಬಾಯಿ, ರತ್ನಕ್ಕ, ಇವರೆಲ್ಲರೂ ಸ್ತ್ರೀಯರು. ಗಂಡಸರು ಘಟ್ಟವನ್ನು ಹತ್ತಿಯೋ ಹಡಗನ್ನು ಏರಿಯೋ ಹೋದ ನಾಡಿನಲ್ಲಿ ಊರನ್ನು ಊರಾಗಿ ಇರಿಸಿದವರು ಯಾರೆಂಬ ಇತಿಹಾಸವು ಕವಿಗಳಿಗೆ ಅಪ್ರಯತ್ನವಾಗಿ ಹೊಳೆದಿದೆ. ಇದು ಕೇವಲ ಕಾವ್ಯವಿಚಾರವಲ್ಲ. ಕರಾವಳಿಯ ಎಷ್ಟೋ ದೊಡ್ಡ ಮನೆಗಳಲ್ಲಿ ಇಂದು ಒಬ್ಬಿಬ್ಬರು ವೃದ್ಧರಲ್ಲದೆ ಬೇರೆಯವರಿಲ್ಲ. ಅವರು ಹೋದ ಮೇಲೆ ಗುಡಿಯೂ ದೀಪಸ್ತಂಭವೂ ಇದ್ದೇ ಇರುತ್ತವೆ. ಆದರೆ ಮರಳಿ ಬಂದವನನ್ನು ಹೆಸರುಹಿಡಿದು ಕರೆಯುವವರಿರುವುದಿಲ್ಲ.

ಆದುದರಿಂದ ಉಪಾಧ್ಯಾಯರು ಊರಿನ ಪ್ರಬಂಧವನ್ನು ಬರೆಯಿಸುವಾಗ ಊರಿನ ಪ್ರಸಿದ್ಧ ಸ್ಥಳಗಳ ಬದಲು ನೆರೆಮನೆಯ ವೃದ್ಧರೊಬ್ಬರ ಬಾಳನ್ನು, ಅವರ ಮಾತಿನಲ್ಲಿಯೇ, ಬರೆಯಿಸುವುದು ಯುಕ್ತ. ಆ ವೃದ್ಧರು ಬರೆಯುವ ಹುಡುಗನ ವಿಷಯವಾಗಿ ಏನೆಂದರೆಂಬುದನ್ನೂ ಕೊನೆಯಲ್ಲಿ ಸೇರಿಸುವಂತೆ ಹೇಳಬೇಕು. ವಿಮರ್ಶಕರಾದರೋ ಮರಳುವಿಕೆಯ ಹೊಸ ಗ್ರಂಥವು ಕೈಗೆ ಬಂದಾಗ ಅದರ ಕಡಲು ಮಳೆಗಳ ವರ್ಣನೆಯನ್ನು ಮೆಚ್ಚುವ ಮುನ್ನ, ಅದರಲ್ಲಿ ಬಂದವನನ್ನು ಊರಿನವರು ನೋಡಿದ್ದಾರೆಯೇ ಎಂಬ ಒಂದು ಪ್ರಶ್ನೆಯನ್ನು ಕೇಳಿದರೆ ಗುಣನಿರ್ಣಯಕ್ಕೆ ಬಹುಮಟ್ಟಿಗೆ ಸಾಕಾಗುತ್ತದೆ.