ಹಗುರ ರೋಲರ್, ಭಾರದ ಭರವಸೆ

ಗೇರ್‌ಲೆಸ್ ಸ್ಕೂಟರ್ ಓಡಿಸುವ ಹುಡುಗರಲ್ಲಿ ಒಂದು ನಂಬಿಕೆ ಬೇರೂರಿದೆ. ಎಂಜಿನ್ ಬಿಚ್ಚುವುದೇ ಬೇಡ, ವೇರಿಯೇಟರಿನ ರೋಲರ್ ಬದಲಿಸಿದರೆ ಸಾಕು. ಪಿಕಪ್ಪೂ ಹೆಚ್ಚುತ್ತದೆ, ಟಾಪ್ ಸ್ಪೀಡೂ ಹೆಚ್ಚುತ್ತದೆ. ಖರ್ಚು ಕಡಿಮೆ, ಕೆಲಸವೂ ಕಡಿಮೆ, ಮನಸ್ಸು ಬದಲಾದರೆ ಹಳೆಯ ರೋಲರನ್ನೇ ಮತ್ತೆ ಕೂರಿಸಬಹುದು. ಇಷ್ಟೆಲ್ಲ ಅನುಕೂಲವಿರುವುದರಿಂದಲೇ ಯಾರೂ ಇದನ್ನು ಸರಿಯಾಗಿ ತೂಗಿ ನೋಡಲು ಹೋಗುವುದಿಲ್ಲ. ತೂಗಿದರೆ ಪಿಕಪ್ಪಿನ ಮಾತು ಉಳಿಯುತ್ತದೆ, ಟಾಪ್ ಸ್ಪೀಡಿನ ಮಾತು ಬಹುಪಾಲು ಬಿದ್ದುಹೋಗುತ್ತದೆ.

ಇಂಥ ಸ್ಕೂಟರಿನಲ್ಲಿ ಗೇರಿನ ಅನುಪಾತವನ್ನು ತಾನಾಗಿ ಬದಲಿಸುವ, ಬೆಲ್ಟಿನ ಮೇಲೆ ನಡೆಯುವ ಸಿವಿಟಿ ವ್ಯವಸ್ಥೆ ಹೊಸದೇನಲ್ಲ. ನೆದರ್ಲೆಂಡ್ಸಿನ ಡಾಫ್ ಕಂಪನಿ 1958ರಲ್ಲೇ ಇದನ್ನು ಕಾರಿಗೆ ಹಾಕಿತ್ತು. ನಮ್ಮ ರಸ್ತೆಗೆ ಇದರ ರುಚಿ ಹತ್ತಿಸಿದ್ದು 1984ರಲ್ಲಿ ಬಂದ ಕೈನೆಟಿಕ್ ಹೋಂಡಾ. ಮುಂದೊಂದು ಪುಲ್ಲಿ (ಅದೇ ವೇರಿಯೇಟರ್), ಹಿಂದೊಂದು ಪುಲ್ಲಿ, ನಡುವೆ ರಬ್ಬರ್ ಬೆಲ್ಟ್. ಎಂಜಿನ್ ವೇಗವಾಗಿ ತಿರುಗಿದಂತೆ ಮುಂದಿನ ಪುಲ್ಲಿಯೊಳಗಿನ ರೋಲರ್‌ಗಳು, ಸಾಮಾನ್ಯವಾಗಿ ಆರು, ಹೊರಕ್ಕೆ ಸರಿದು ಪುಲ್ಲಿಯ ತಟ್ಟೆಯನ್ನು ಒತ್ತುತ್ತವೆ. ಬೆಲ್ಟ್ ಮುಂದೆ ಮೇಲೇರುತ್ತದೆ, ಹಿಂದೆ ಒಳಗಿಳಿಯುತ್ತದೆ. ಅದನ್ನು ಎದುರಿಸಿ ಒತ್ತುವುದು ಹಿಂದಿನ ಪುಲ್ಲಿಯ ಕಾಂಟ್ರಾ ಸ್ಪ್ರಿಂಗ್. ಈ ಎರಡರ ಜಗ್ಗಾಟ ಎಲ್ಲಿ ಸಮನಾಗುತ್ತದೋ ಆ ಕ್ಷಣಕ್ಕೆ ಅದೇ ಗೇರು.

ರೋಲರಿನ ಒತ್ತಡ ಅದರ ತೂಕಕ್ಕೂ ಎಂಜಿನ್ ವೇಗದ ವರ್ಗಕ್ಕೂ ಅನುಗುಣವಾಗಿರುತ್ತದೆ. ತೂಕ ಇಳಿಸಿದರೆ ಅಷ್ಟೇ ಒತ್ತಡಕ್ಕೆ ಎಂಜಿನ್ ಹೆಚ್ಚು ತಿರುಗಬೇಕು. ಉದಾಹರಣೆಗೆ, 9 ಗ್ರಾಂ ರೋಲರ್ ತೆಗೆದು 8 ಗ್ರಾಂನದು ಹಾಕಿದಿರಿ ಎನ್ನಿ. ಮೊದಲು 6000 ಆರ್‌ಪಿಎಂನಲ್ಲಿ ಗೇರು ಏರುತ್ತಿದ್ದ ಗಾಡಿ ಈಗ ಸುಮಾರು 6360ರಲ್ಲಿ ಏರುತ್ತದೆ. ಒಂದು ಗ್ರಾಂ ಬದಲಾವಣೆಗೆ ಸಿಗುವುದು ಶೇ. 6ರಷ್ಟು ಮಾತ್ರ. ಮೂರು ನಾಲ್ಕು ಗ್ರಾಂ ಒಮ್ಮೆಲೇ ಇಳಿಸಿದರೆ ಗಾಡಿ ಕೂಗುತ್ತದೆ, ಆ ಕೂಗಿಗೆ ತಕ್ಕಷ್ಟು ಓಡುವುದಿಲ್ಲ.

ಹಾಗಾದರೆ ಎಂಜಿನ್ ಎಷ್ಟು ತಿರುಗಬೇಕು? ಟಾರ್ಕ್ ಅತಿ ಹೆಚ್ಚಿರುವ ಕಡೆ ನಿಲ್ಲಿಸಿದರೆ ಗಾಡಿ ಚೆನ್ನಾಗಿ ಎಳೆಯುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತದೆ. ಗೇರ್ ಬಾಕ್ಸ್ ಇರುವ ಬೈಕಿನಲ್ಲಿ ಒಂದೇ ಗೇರಿನ ಮಟ್ಟಿಗೆ ಅದು ನಿಜ. ಸಿವಿಟಿಯಲ್ಲಿ ಅಲ್ಲ. ಗೇರಿನ ಅನುಪಾತ ಇಲ್ಲಿ ಬೇಕಾದಂತೆ ಬದಲಾಗುವುದರಿಂದ, ಯಾವ ವೇಗದಲ್ಲಾದರೂ ಚಕ್ರಕ್ಕೆ ಹೆಚ್ಚು ಬಲ ಸಿಗುವುದು ಎಂಜಿನ್ ತನ್ನ ಪೂರ್ತಿ ಪವರ್ ಕೊಡುತ್ತಿರುವಾಗ. ಬಿಎಸ್6 ಟಿವಿಎಸ್ ಎನ್‌ಟಾರ್ಕ್ 125 ತನ್ನ 10.5 ಎನ್‌ಎಂ ಟಾರ್ಕ್ ಕೊಡುವುದು 5500 ಆರ್‌ಪಿಎಂನಲ್ಲಿ, 9.38 ಪಿಎಸ್ ಪವರ್ ಕೊಡುವುದು 7000ದಲ್ಲಿ. ಅಂಥ ಎಂಜಿನ್ನನ್ನು ಪೂರ್ತಿ ಆಕ್ಸಿಲರೇಟರಿನಲ್ಲಿ 7000ದ ಆಸುಪಾಸಿನಲ್ಲೇ ಹಿಡಿದಿಡುವ ರೋಲರ್ ಒಳ್ಳೆಯ ರೋಲರ್. ಕಂಪನಿಗಳು ಮೈಲೇಜ್, ಸದ್ದು, ಬೆಲ್ಟಿನ ಬಾಳಿಕೆ ಎಲ್ಲವನ್ನೂ ನೋಡಿಕೊಳ್ಳಬೇಕು. ಹಾಗಾಗಿ ಅವರು ತೂಕವನ್ನು ತುಸು ಭಾರದ ಕಡೆಗೆ ಇಟ್ಟಿದ್ದಲ್ಲಿ ಹಗುರ ರೋಲರಿಗೆ ನಿಜವಾದ ಕೆಲಸ ಇರುತ್ತದೆ. ಇಬ್ಬರು ಕೂತು ಘಾಟಿ ಹತ್ತುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ಟಾಪ್ ಸ್ಪೀಡಿನ ಲೆಕ್ಕ ಬೇರೆ. ಬೆಲ್ಟ್ ಮುಂದಿನ ಪುಲ್ಲಿಯ ಅಂಚಿಗೆ ಏರಿದ ಮೇಲೆ ಅನುಪಾತ ಬದಲಾಗುವುದು ನಿಲ್ಲುತ್ತದೆ; ಅಲ್ಲಿಂದಾಚೆಗೆ ಅದು ಒಂದೇ ಗೇರಿನ ಗಾಡಿ, ರೋಲರಿನ ತೂಕಕ್ಕೆ ಅಲ್ಲಿ ಕೆಲಸವಿಲ್ಲ. ಉಳಿಯುವುದು ಎಂಜಿನ್ನಿನ ಪವರ್ ಮತ್ತು ಎದುರಿನ ಗಾಳಿ. ಗಾಳಿಯನ್ನು ಸೀಳಲು ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ: ವೇಗ ಶೇ. 10 ಹೆಚ್ಚಬೇಕಾದರೆ ಪವರ್ ಸುಮಾರು ಶೇ. 33 ಹೆಚ್ಚಬೇಕು. ಯಾವ ರೋಲರೂ ಅಷ್ಟು ಪವರನ್ನು ಹುಟ್ಟಿಸುವುದಿಲ್ಲ. ಬಾವಿಯಲ್ಲಿ ಇದ್ದಷ್ಟೇ ನೀರು. ಕಾಲುವೆ ತಿದ್ದಿದರೆ ಸೋರುವುದು ನಿಲ್ಲಬಹುದು, ಊಟೆ ಹೆಚ್ಚುವುದಿಲ್ಲ. ಅತಿ ಹಗುರ ರೋಲರ್ ಹಾಕಿದರಂತೂ ಬೆಲ್ಟ್ ಅಂಚಿನವರೆಗೆ ಏರುವುದೇ ಇಲ್ಲ, ಇದ್ದ ಟಾಪ್ ಸ್ಪೀಡೂ ಇಳಿಯುತ್ತದೆ. ಮೂಲ ರೋಲರಿನ ಭಾರಕ್ಕೆ ಎಂಜಿನ್ ಪವರಿನ ಶಿಖರ ಮುಟ್ಟದೆ ನರಳುತ್ತಿದ್ದರೆ ಮಾತ್ರ ಹಗುರವಾದದ್ದು ಒಂದಿಷ್ಟು ವೇಗ ಕೊಟ್ಟೀತು. ರೋಲರಿನ ಬದಲು ಹಾಕುವ, ತೈವಾನಿನ ಡಾ. ಪುಲ್ಲಿ ಕಂಪನಿಯ ಸ್ಲೈಡರ್‌ಗಳು ತಮ್ಮ ಆಕಾರದಿಂದಾಗಿ ತಟ್ಟೆಯನ್ನು ಇನ್ನಷ್ಟು ದೂರ ತಳ್ಳಬಲ್ಲವು. ಆದರೆ ಆ ಉದ್ದದ ಗೇರನ್ನು ಎಳೆಯಲು ಎಂಜಿನ್ನಿಗೆ ಪವರ್ ಉಳಿದಿರಬೇಕಲ್ಲ!

ರೋಲರಿನ ಬದಲು ಗಟ್ಟಿ ಕಾಂಟ್ರಾ ಸ್ಪ್ರಿಂಗ್ ಹಾಕಿದರೂ ಗೇರು ಏರುವುದು ತಡವಾಗುತ್ತದೆ, ಏರಿನಲ್ಲಿ ಬೇಗ ಇಳಿಯುತ್ತದೆ. ಅದಕ್ಕೆ ತೆರುವ ಬೆಲೆ ಬೆಲ್ಟಿನ ಬಿಸಿ ಮತ್ತು ಸವೆತ. ಹಗುರ ರೋಲರಿನ ಮೇಲೆ ಗಟ್ಟಿ ಸ್ಪ್ರಿಂಗನ್ನೂ ಕೂರಿಸುವವರಿಗೆ ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ ಎಂಬುದು ಹೊಳೆದಂತಿಲ್ಲ. ಗಟ್ಟಿ ಕ್ಲಚ್ ಸ್ಪ್ರಿಂಗ್ ಸಿಗ್ನಲಿನಿಂದ ಹೊರಡುವಾಗ ಗಾಡಿಯನ್ನು ಚಿಮ್ಮಿಸುತ್ತದೆ. ದಿನವೂ ಟ್ರಾಫಿಕ್ಕಿನಲ್ಲಿ ತೆವಳುವವರಿಗೆ ಕ್ಲಚ್ ಸುಡುತ್ತದೆ.

ಈ ಪದ್ಧತಿಯ ದೊಡ್ಡ ದೋಷ ಯಂತ್ರದಲ್ಲಿಲ್ಲ, ಅದನ್ನು ಪರೀಕ್ಷಿಸುವ ರೀತಿಯಲ್ಲಿದೆ. ಸಾವಿರಾರು ಕಿಲೋಮೀಟರ್ ಓಡಿ ಒಂದು ಬದಿ ಚಪ್ಪಟೆಯಾದ ಹಳೆಯ ರೋಲರ್ ತೆಗೆದು ಹೊಸ ಹಗುರ ರೋಲರ್ ಹಾಕುತ್ತಾರೆ. ಸವೆದು ಅಗಲ ಕಳೆದುಕೊಂಡ ಬೆಲ್ಟನ್ನೂ ಜೊತೆಗೇ ಬದಲಿಸುತ್ತಾರೆ. ಸವೆದ ಬೆಲ್ಟ್ ಪುಲ್ಲಿಯಲ್ಲಿ ಕೆಳಗೆ ಕೂರುವುದರಿಂದ ಟಾಪ್ ಸ್ಪೀಡ್ ಮೊದಲೇ ಇಳಿದಿರುತ್ತದೆ. ಹೊಸದು ಬಂದಾಗ ಮರಳಿ ಸಿಗುವುದು ಕಂಪನಿ ಮೊದಲ ದಿನ ಕೊಟ್ಟ ವೇಗವೇ. ಹೆಸರು ಮಾತ್ರ ಟ್ಯೂನಿಂಗಿಗೆ. ಹೋಲಿಕೆ ನ್ಯಾಯವಾಗಿರಬೇಕಾದರೆ ಅದೇ ತೂಕದ ಹೊಸ ರೋಲರ್ ಹಾಕಿ ಓಡಿಸಬೇಕು, ಆಮೇಲೆ ಹಗುರವಾದದ್ದು. ಅಳತೆಯೂ ಸ್ಪೀಡೋಮೀಟರಿನ ಮುಳ್ಳಿನದಾಗಬಾರದು, ಅದು ಇದ್ದದ್ದಕ್ಕಿಂತ ಹೆಚ್ಚು ತೋರಿಸುವುದೇ ಸಾಮಾನ್ಯ; ಜಿಪಿಎಸ್ ನೋಡಬೇಕು. ಬೆಲ್ಟ್ ಎಲ್ಲಿಯವರೆಗೆ ಏರಿತು ಎಂದು ತಿಳಿಯಲು ಅನುಭವಿ ಮೆಕ್ಯಾನಿಕ್‌ಗಳು ಪುಲ್ಲಿಯ ಮುಖದ ಮೇಲೆ ಮಾರ್ಕರಿನಿಂದ ಗೆರೆ ಎಳೆದು ಗಾಡಿ ಓಡಿಸಿ, ಎಷ್ಟು ಅಳಿಸಿದೆ ಎಂದು ನೋಡುತ್ತಾರೆ. ಈ ಇಡೀ ಕಸುಬಿನಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಉಪಕರಣ ನನಗೆ ಕಂಡಿಲ್ಲ.

ಹೀಗಾಗಿ ಮಲೆನಾಡಿನ ಏರು, ಹಿಂದಿನ ಸೀಟಿನ ಭಾರ, ಓವರ್‌ಟೇಕಿಗೆ ಸಾಲದ ಪಿಕಪ್ ನಿಮ್ಮ ತೊಂದರೆಯಾಗಿದ್ದರೆ ಒಂದು ಗ್ರಾಂ ಹಗುರ ರೋಲರ್ ಒಳ್ಳೆಯ ಖರ್ಚು. ಪೆಟ್ರೋಲ್ ತುಸು ಹೆಚ್ಚು ಸುಡುತ್ತದೆ, ಒಪ್ಪಿಕೊಳ್ಳಿ. ಬೇಕಾಗಿರುವುದು ಹೈವೇಯ ಟಾಪ್ ಸ್ಪೀಡ್ ಆದರೆ ಮೊದಲು ಬೆಲ್ಟ್ ಬದಲಿಸಿ, ಟೈರಿನ ಗಾಳಿ ನೋಡಿ. ಅದೂ ಸಾಲದಿದ್ದರೆ ದೊಡ್ಡ ಎಂಜಿನ್ನಿನ ಗಾಡಿ ಕೊಳ್ಳಿ. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕೊಡುತ್ತೇನೆ ಎನ್ನುವ ಅಂಗಡಿಯವನನ್ನು ಯಾವ ಆರ್‌ಪಿಎಂಗೆ ಎಷ್ಟು ಗ್ರಾಂ ಎಂದು ಕೇಳಿ. ಉತ್ತರ ಬಾರದಿದ್ದರೆ ಹಣ ಜೇಬಿನಲ್ಲೇ ಇರಲಿ.